ಅಕ್ಕನ ಸುದ್ದಿ ನಿಂತ ಬೇಸಿಗೆ

ನಮ್ಮ ಅಕ್ಕನಿಗೆ ಕಣ್ಣು ಕಾಣುವುದಿಲ್ಲ. ಸಣ್ಣ ಕೂಸಿದ್ದಾಗ ದಡಾರ ಎದ್ದು, ಜ್ವರ ಇಳಿಯುವಷ್ಟರಲ್ಲಿ ಎರಡೂ ಕಣ್ಣು ಹೋದವಂತೆ. ನಾನು ಹುಟ್ಟಿದ್ದು ಅದಾದ ಮೇಲೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ, ಟಿವಿ ಬಗ್ಗೆ ಬರೆಯಲು ಕೂತವಳು ಕಣ್ಣಿಲ್ಲದವಳ ಕತೆ ಯಾಕೆ ತೆಗೆದಳು ಎಂದು ಓದುವವರು ನಡುವೆ ಕೇಳುತ್ತಾರೆ. ನಾನು ಕಂಡಂತೆ ಟಿಕೋಟಾದ ನಮ್ಮ ಓಣಿಯಲ್ಲಿ ಟಿವಿಯನ್ನು ಎಲ್ಲರಿಗಿಂತ ಹೆಚ್ಚು ಮನಸ್ಸಿಟ್ಟು ನೋಡಿದವಳು ಆಕೆಯೇ. ನೋಡಿದವಳು ಅಂತಲೇ ಬರೆಯುತ್ತೇನೆ. ಆಕೆಯೂ ಹಾಗೇ ಅನ್ನುತ್ತಾಳೆ: "ನಿನ್ನಿ ಸುದ್ದಿ ನೋಡಿದ್ನಿ ತಂಗೀ."

ಟಿವಿ ಹಳೆಯದು. ಅಪ್ಪ ಬದುಕಿದ್ದಾಗ ವಿಜಯಪುರದ ಸೊಲ್ಲಾಪುರ ರಸ್ತೆಯ ಒಂದು ರಿಪೇರಿ ಅಂಗಡಿಯಿಂದ ತಂದದ್ದು. ಯಾರೋ ರಿಪೇರಿಗೆ ಕೊಟ್ಟು ಮತ್ತೆ ಒಯ್ಯಲು ಬಾರದೆ ಬಿಟ್ಟದ್ದಂತೆ. ಮಾಳಿಗೆಯ ಮೇಲೆ ಬಿದಿರಿಗೆ ಕಟ್ಟಿದ ಆಂಟೆನಾ, ಅದರ ಮುಖ ವಿಜಯಪುರದ ಟವರ್ ಕಡೆಗೆ. ಬರುತ್ತಿದ್ದದ್ದು ಸರಕಾರಿ ವಾಹಿನಿ ಒಂದೇ. ಒಂದು ಗುಂಡಿ ಒತ್ತಿದರೆ ಟಪ್ ಅಂತ ಹತ್ತುತ್ತಿತ್ತು, ಇನ್ನೊಂದನ್ನು ತಿರುವಿದರೆ ದನಿ ಏರುತ್ತಿತ್ತು. ಅಕ್ಕನಿಗೆ ಯಾರ ಸಹಾಯವೂ ಬೇಕಿರಲಿಲ್ಲ. ಗಾಳಿಗೆ ಆಂಟೆನಾ ಹೊರಳಿದರೆ ಚಿತ್ರ ಹೋಗಿ ಬರೀ ಚುಕ್ಕಿ ಬರುತ್ತಿದ್ದವು, ದನಿ ಮಾತ್ರ ಹಾಗೇ ಇರುತ್ತಿತ್ತು.

"ಅಕ್ಕಾ, ಚಿತ್ರ ಹೋಗೈತಿ, ಬರೇ ಚುಕ್ಕಿ ಕುಣ್ಯಾಕತ್ತಾವು" ಅಂದರೆ, "ಕುಣೀಲಿ ಬಿಡ, ಮಾತ ಛಲೋ ಅದಾವು" ಅನ್ನುವಳು.

ಟಿಕೋಟಾ ದ್ರಾಕ್ಷಿಯ ಊರು. ಬೇಸಿಗೆಯಲ್ಲಿ ಮನೆಮನೆಗೂ ಮಣೂಕದ ಚೀಲ ಬರುತ್ತವೆ. ಮಣೂಕ ಅಂದರೆ ಒಣದ್ರಾಕ್ಷಿ. ಅದರ ತುದಿಗೆ ಉಳಿದ ಸಣ್ಣ ಕಡ್ಡಿ ಬಿಡಿಸಿ ಕೊಡುವುದು ಹೆಂಗಸರ ಕೂಲಿ. ಅದಕ್ಕೆ ಕಣ್ಣು ಬೇಕಿಲ್ಲ, ಬೆರಳು ಸಾಕು. ಹಾಗಾಗಿ ಅಕ್ಕ ಆ ಕೆಲಸದಲ್ಲಿ ಯಾರಿಗೂ ಕಡಿಮೆ ಇರಲಿಲ್ಲ. ಬೆಳಗಿನ ಅಡಿಗೆ ಮುಗಿಸಿ ಓಣಿಯ ಐದಾರು ಹೆಂಗಸರು ನಮ್ಮ ಕಟ್ಟೆಗೆ ಬರುತ್ತಿದ್ದರು. ನಮ್ಮದು ದೊಡ್ಡ ಕಟ್ಟೆಯೇನೂ ಅಲ್ಲ, ನೆರಳೂ ಅಷ್ಟಕ್ಕಷ್ಟೆ. ಅವರು ಬರುತ್ತಿದ್ದದ್ದು ಅಕ್ಕನ ಸುದ್ದಿಗೆ.

ಎದುರು ಮನೆಯ ಚಾಚಿ ಮೊದಲು ಕೂಡುವಳು. ಆಕೆಯ ಗಂಡ ಮಣೂಕದ ಸಣ್ಣ ವ್ಯಾಪಾರಿ. ಮೊರ ಮುಂದಿಟ್ಟುಕೊಂಡು ಕೇಳುವಳು: "ಏನಂದಾರ ಯವ್ವಾ ನಿನ್ನಿ?"

ಆಗ ಅಕ್ಕ ಹಿಂದಿನ ಸಂಜೆಯ ಸುದ್ದಿಯನ್ನು ಮೊದಲಿಂದ ಕೊನೆಯವರೆಗೆ ಹೇಳುವಳು. ಅದೂ ನಮ್ಮ ಮಾತಿನಲ್ಲಲ್ಲ, ಓದುವವರ ಪುಸ್ತಕದ ಕನ್ನಡದಲ್ಲೇ, ಅವರು ಉಸಿರು ಹಿಡಿದಲ್ಲಿ ಹಿಡಿದು, ಬಿಟ್ಟಲ್ಲಿ ಬಿಟ್ಟು. ಕಟ್ಟೆಗೆ ಒಂದು ರೂಢಿ ಇತ್ತು: ಹವಾಮಾನ ಮುಗಿಯುವ ತನಕ ಯಾರೂ ಬೇರೆ ಮಾತು ತೆಗೆಯಬಾರದು. ತಡವಾಗಿ ಬಂದವರು ಸುಮ್ಮನೆ ಕೂತು ಕಡ್ಡಿ ಬಿಡಿಸಬೇಕು. ಮುಗಿದ ಮೇಲೆ ಚಾಚಿ ಚೇಷ್ಟೆ ಶುರು ಮಾಡುವಳು.

"ಸುದ್ದಿ ಓದಾಕಿ ಸೀರಿ ಯಾವ ಬಣ್ಣದ್ದಿತ್ತ?"

"ನಿಂದಕ್ಕಿಂತ ಛಲೋ ಇತ್ತ ತಗೋ ಚಾಚಿ."

"ಹೌದ ನೋಡ, ಕಣ್ಣಿದ್ದವರು ಯಾರೂ ನಂದು ಛಲೋ ಐತಿ ಅನ್ನಲಿಲ್ಲ, ಇಕಿನೂ ಅನ್ನವಲ್ಲಳು!"

ಫೋನು ಎಲ್ಲರ ಮನೆಯಲ್ಲೂ ಇದ್ದವು. ಆದರೂ ಕೇಳುತ್ತಿದ್ದರು. ನಾನೊಮ್ಮೆ ಚಾಚಿಗೆ ಯಾಕೆ ಅಂತ ಕೇಳಿದ್ದೆ. "ಫೋನ ಹತ್ತ ಹೇಳತೈತಿ ಬೇ, ಹತ್ತೂ ಸುಳ್ಳ. ಇಕಿ ಒಂದ ಹೇಳತಾಳ, ಖರೆ ಹೇಳತಾಳ" ಅಂದಳು. ಹೊಲಕ್ಕೆ ನೀರು ಯಾವಾಗ ಬಿಡುತ್ತಾರೆ, ಯಾವ ಪರೀಕ್ಷೆ ಮುಂದೆ ಹೋಯಿತು, ನಾಳೆ ಮೋಡ ಕವಿಯುತ್ತದೋ ಇಲ್ಲವೋ, ಇಂಥ ಮಾತಿಗೆ ಓಣಿಯಲ್ಲಿ ವಾದ ಹತ್ತಿದರೆ "ಅಕ್ಕ ಹೇಳ್ಯಾಳ" ಅಂದಲ್ಲಿಗೆ ಮುಗಿಯಿತು. ಮದುವೆಯಾಗದೆ, ಸಾಲಿ ಕಲಿಯದೆ, ತಮ್ಮನ ಮನೆಯಲ್ಲಿ ಕೂತ ಹೆಣ್ಣುಮಗಳಿಗೆ ಊರಲ್ಲಿ ಇದ್ದ ಆಸ್ತಿ ಅಂದರೆ ಅದೊಂದೇ, ಆಕೆಯ ಸುದ್ದಿ ಖರೆ ಎಂಬ ಆ ನಂಬಿಕೆ.

ನಮ್ಮ ಮನೆತನದಲ್ಲಿ ಮೊದಲ ಡಿಗ್ರಿ ನನ್ನದು. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆ ಇಲ್ಲ. ಅಪ್ಪ ದ್ರಾಕ್ಷಿ ತೋಟದಲ್ಲಿ ಆಳಾಗಿದ್ದ, ಅವ್ವ ಅದೇ ತೋಟದಲ್ಲಿ ಕೂಲಿ; ಈಗ ಇಬ್ಬರೂ ಇಲ್ಲ. ವಿಜಯಪುರದ ಕಾಲೇಜಿಗೆ ಬಸ್ಸಿನಲ್ಲಿ ನಿಂತುಕೊಂಡೇ ಹೋಗಿ ಬಂದು ಬಿ.ಎ. ಮಾಡಿದೆ, ಆಮೇಲೆ ಬಿ.ಎಡ್. ಮಾಡಿದೆ. ಈಗ ಬಬಲೇಶ್ವರದ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ, ವಿಜಯಪುರದಲ್ಲಿ ಬಾಡಿಗೆ ಮನೆ. ಶನಿವಾರ ಬೆಳಗಿನ ಸಾಲಿ ಬಿಟ್ಟ ಮೇಲೆ ಟಿಕೋಟಾಕ್ಕೆ ಹೋಗುತ್ತೇನೆ. ನಾನು ಓದುವಾಗ ಮನೆಯ ಕಸ, ಮುಸುರೆ, ರೊಟ್ಟಿ ಎಲ್ಲ ಅಕ್ಕನ ಕೈಯಲ್ಲಿತ್ತು. ಆಕೆ ನನ್ನನ್ನು ಒಂದು ಕೆಲಸಕ್ಕೂ ಏಳಿಸಲಿಲ್ಲ. ಹಾಗಾಗಿ ಮನೆಗೆ ಏನು ಬೇಕು ಎಂದು ಕೇಳುವಾಗಲೆಲ್ಲ ನಾನು ಮೊದಲು ಕೇಳುವುದು ಆಕೆಯನ್ನು.

ಹಳೆಯ ಪ್ರಸಾರ ನಿಲ್ಲುತ್ತದೆ ಎಂದು ಟಿವಿಯ ಪರದೆಯ ಕೆಳಗೆ ಅಕ್ಷರದ ಸಾಲು ಓಡುತ್ತಿತ್ತಂತೆ. ಅಕ್ಷರ ಅಕ್ಕನಿಗೆ ಕಾಣುವಂತಿಲ್ಲ. ತಮ್ಮ ಟೆಂಪೊ ಓಡಿಸುತ್ತಾನೆ, ಕತ್ತಲಾದ ಮೇಲೆ ಬರುತ್ತಾನೆ. ಅವನ ಹೆಂಡತಿ ಆ ಹೊತ್ತಿಗೆ ಹಿತ್ತಲ ಒಲೆಯ ಮುಂದೆ ಇರುತ್ತಾಳೆ. ಒಂದು ಸಂಜೆ ಅಕ್ಕ ಗುಂಡಿ ಒತ್ತಿದರೆ ಸುಂಯ್ ಎನ್ನುವ ಸಪ್ಪಳ ಬಿಟ್ಟು ಏನೂ ಬರಲಿಲ್ಲ. ಆಂಟೆನಾ ಹೊರಳಿದೆ ಅಂದುಕೊಂಡಳು. ತಮ್ಮ ಬಂದಕೂಡಲೇ ಮಾಳಿಗೆ ಹತ್ತಿಸಿದಳು. ಆ ದಿನ ನಾನೂ ಅಲ್ಲಿದ್ದೆ.

ಅವನು ಮೇಲಿಂದ ಕೂಗುವನು: "ಬಂತೇನ್ ಅಕ್ಕಾ?"

"ಇಲ್ಲೋ ತಮ್ಮಾ. ಇನ್ನೊಂದೀಟ ತಿರುವ."

"ಈಗ?"

"ಇಲ್ಲ."

ಎದುರು ಮನೆಯಿಂದ ಚಾಚಿ, "ಸೊಲ್ಲಾಪುರ ಕಡೆ ತಿರುವ್ರೋ, ಗಾಳಿ ಆ ಕಡೆಯಿಂದ ಐತಿ" ಅಂದಳು. ಮೂಲೆಯ ಕಿರಾಣಿ ಅಂಗಡಿಯವನು ಬಂದು ವೈರು ಒರೆಸಿದ. ಇನ್ನೊಬ್ಬರು ಬಿದಿರನ್ನು ಎತ್ತರಿಸಲು ಹೇಳಿದರು, ಎತ್ತರಿಸಿದ್ದೂ ಆಯಿತು. ಅಲ್ಲಿದ್ದ ನಮಗ್ಯಾರಿಗೂ ಗೊತ್ತಿರಲಿಲ್ಲ, ಟವರ್‌ನಿಂದ ಬರುವುದೇ ನಿಂತುಹೋಗಿತ್ತು. ಇಲ್ಲದ ಪ್ರಸಾರಕ್ಕೆ ನಾವು ಓಣಿಗೆ ಓಣಿಯೇ ಸೇರಿ ಆಂಟೆನಾ ತಿರುವಿದೆವು.

ಮರುದಿನ ಬೆಳಿಗ್ಗೆ ಅಕ್ಕ ಕಟ್ಟೆಯ ಮೇಲೆ, "ನಿನ್ನಿ ನಮ್ಮ ಟಿವಿ ಕೆಟ್ಟಿತ್ತ, ಸುದ್ದಿ ಇಲ್ಲ" ಅಂದಳು. ಇದು ಮುಂದಿನದಕ್ಕೆ ಬೇಕಾದ ಮಾತು: ಆ ಮೊದಲ ಸಲ ಇಲ್ಲ ಎಂದು ಹೇಳಲು ಆಕೆಗೆ ಯಾವ ಸಂಕೋಚವೂ ಆಗಲಿಲ್ಲ. ಟಿವಿ ಕೆಟ್ಟಿತ್ತು, ಆಕೆಯಲ್ಲ.

ಸೋಮವಾರ ಸಾಲಿಯ ಸ್ಟಾಫ್ ರೂಮಿನಲ್ಲಿ ಕೇಳಿದಾಗ ಸಾರವಾಡದ ಸಹೋದ್ಯೋಗಿಯೊಬ್ಬರು ನಕ್ಕರು. "ಮೇಡಮ್ಮರ, ಅದು ಬಂದಾಗೈತ್ರಿ. ಎಲ್ಲಾ ಡಿಜಿಟಲ್ ಆತು. ಆಂಟೆನಾ ಈಗ ಯಾರ ನೋಡತಾರ್ರಿ?"

"ನಮ್ಮಕ್ಕ ನೋಡತಾಳ್ರಿ" ಅಂದೆ.

"ಯಾರೂ ನೋಡೂದಿಲ್ಲ ಅಂತನ ಬಂದ್ ಮಾಡ್ಯಾರ."

"ಹಂಗಾರ ನಮ್ಮಕ್ಕ ಯಾರೂ ಅಲ್ಲೇನ್ರಿ?" ಎಂದದ್ದು ನನಗೇ ಜೋರಾಗಿ ಕೇಳಿಸಿತು. ಅವರು ಚಹಾದ ಕಪ್ಪು ಎತ್ತಿಕೊಂಡರು. ಅವರಿಗೆ ಕೆಟ್ಟ ಮನಸ್ಸಿರಲಿಲ್ಲ, ಲೆಕ್ಕವೂ ಬಹುಶಃ ಸರಿಯೇ ಇತ್ತು. ಆ ಲೆಕ್ಕದಲ್ಲಿ ಅಕ್ಕ ಬರುತ್ತಿರಲಿಲ್ಲ, ಅಷ್ಟೆ.

ಆ ವಾರ ನಾನು ಮನೆಗೆ ಮಾಳಿಗೆಯ ಮೇಲಿಡುವ ಡಿಶ್ಶಿನ ಛತ್ರಿ ಮತ್ತು ಸೆಟ್‌ಟಾಪ್ ಬಾಕ್ಸ್ ಹಾಕಿಸಿದೆ. ನಮ್ಮ ಹಿಂದೆಯೇ ಓಣಿಯ ಉಳಿದವರೂ ಹಾಕಿಸಿಕೊಂಡರು. ಸಂತೋಷಪಟ್ಟವರೇ ಹೆಚ್ಚು. ಕಿರಾಣಿ ಅಂಗಡಿಯವನಿಗೆ ಕ್ರಿಕೆಟ್ ಸಿಕ್ಕಿತು, ಅಂಗಡಿಯ ಮುಂದೆ ಜನ ನಿಲ್ಲತೊಡಗಿದರು. ತಮ್ಮನ ಹೆಂಡತಿಗೆ ಧಾರಾವಾಹಿ ಸಿಕ್ಕವು. ಚಾಚಿಗೆ ಉರ್ದು ವಾಹಿನಿ ಸಿಕ್ಕಿತು; ಹಜ್‌ನ ದಿನಗಳಲ್ಲಿ ಕಾಬಾದ ಸುತ್ತ ಜನ ತಿರುಗುವುದನ್ನು ನೋಡುತ್ತ ಆಕೆ ಒಲೆಯ ಮೇಲಿನ ಹಾಲು ಉಕ್ಕಿಸಿದಳು. ಓಣಿಯ ಕೊನೆಯ ಮುದುಕ ದರ್ಜಿ ಮಾತ್ರ ಹಾಕಿಸಲಿಲ್ಲ. "ನಾ ನೋಡೂದು ವಾರಕ್ಕೊಂದು ಸಿನೆಮಾ. ಅದಕ್ಕ ಛತ್ರಿ ಯಾಕ?" ಎಂದು ಟಿವಿಯ ಮೇಲೆ ಬಟ್ಟೆ ಹೊದಿಸಿ ಇಸ್ತ್ರಿ ಪೆಟ್ಟಿಗೆ ಇಡಲು ಬಳಸಿಕೊಂಡ. ಈಗಲೂ ಅದು ಹಾಗೇ ಇದೆ.

ಅಕ್ಕನಿಗೆ ಸಿಕ್ಕದ್ದು ರಿಮೋಟು. ಅದರ ಮೈತುಂಬ ಒಂದೇ ಥರದ ಗುಂಡಿ, ಮೆತ್ತಗೆ, ಒತ್ತಿದರೆ ಸಪ್ಪಳವಿಲ್ಲ. ಬಾಕ್ಸು ಹತ್ತಿದ ಮೇಲೆ ಎಷ್ಟೋ ಹೊತ್ತು ಮೂಕ. ಆಮೇಲೆ ಕಂಪನಿಯ ಜಾಹೀರಾತು. ಆಮೇಲೆ ನಂಬರು ಒತ್ತಬೇಕು. ತಪ್ಪಿ ಬೇರೆ ಗುಂಡಿ ತಾಗಿದರೆ ಪರದೆಯ ಮೇಲೆ ಪಟ್ಟಿ ಬರುತ್ತದೆ. ಪಟ್ಟಿಗೆ ದನಿ ಇಲ್ಲ.

ನಾನು ಒಂದು ಉಪಾಯ ಮಾಡಿದೆ. ಸುದ್ದಿಯ ವಾಹಿನಿಯ ನಂಬರಿಗೆ ಬೇಕಾದ ಗುಂಡಿಗಳ ಮೇಲೆ ಟಿಕಳಿ ಅಂಟಿಸಿದೆ, ಹಣೆಗೆ ಹಚ್ಚಿಕೊಳ್ಳುವ ಟಿಕಳಿ, ಮೇಲೆ ಸಣ್ಣ ಹರಳಿದ್ದದ್ದು. ಮೊದಲನೆಯದಕ್ಕೆ ದೊಡ್ಡದು, ಎರಡನೆಯದಕ್ಕೆ ಸಣ್ಣದು, ಮೂರನೆಯದಕ್ಕೆ ಉದ್ದನೆಯದು. ಅಕ್ಕ ಬೆರಳಾಡಿಸಿ ನಕ್ಕಳು. "ಮುತ್ತೈದಿ ಮಾಡಿದ್ಯಲ್ಲ ಇದನ್ನ." ಎರಡು ಶನಿವಾರ, ಎರಡು ಭಾನುವಾರ ಕಲಿತಳು. ಮೂರನೇ ವಾರ ನಾನು ಬಂದಾಗ ಆಕೆ ಒಬ್ಬಳೇ ಕೂತು ಸುದ್ದಿ ನೋಡುತ್ತಿದ್ದಳು. ಕಟ್ಟೆ ಮತ್ತೆ ತುಂಬಿತು. ಮಳೆ ಬಂದರೆ ಛತ್ರಿಯ ಟಿವಿ ಚಿತ್ರವನ್ನೂ ದನಿಯನ್ನೂ ಒಟ್ಟಿಗೆ ನುಂಗುತ್ತಿತ್ತು, ಅದೊಂದು ಆಕೆಗೆ ಸೇರಲಿಲ್ಲ. ಉಳಿದದ್ದು ನಡೆಯಿತು. ಒಂದು ವರ್ಷಕ್ಕೂ ಮೇಲೆ ಹಾಗೇ ನಡೆಯಿತು.

ಕಳೆದ ಬೇಸಿಗೆಯ ಒಂದು ಶನಿವಾರ ನಾನು ಬಸ್ಸಿಳಿದು ಓಣಿಗೆ ಬಂದರೆ ನೆಲವೆಲ್ಲ ಹಸಿ. ಬೆಳಗಿನ ಜಾವ ಗಾಳಿಸಹಿತ ಮಳೆ ಬಂದಿತ್ತಂತೆ. ಕಟ್ಟೆ ಖಾಲಿ. ಎದುರು ಮನೆಯಲ್ಲಿ ಚಾಚಿಯ ಮಗನ ದನಿ ಏರಿತ್ತು. ಅವರು ತಮ್ಮ ಸ್ವಂತದ ಮಣೂಕವನ್ನು ತೊಳೆದು ಮಾಳಿಗೆಯ ಮೇಲೆ ತಾಡಪಾಲಿಯಲ್ಲಿ ಹರವಿದ್ದರು. ಹಾಗೆ ಹರವಿದ್ದು ನೆನೆದರೆ ಉಬ್ಬಿ ಕಪ್ಪಾಗುತ್ತದೆ. ಬಂಗಾರದ ಬಣ್ಣದ್ದು ಸಾರಾಯಿ ವಾಸನೆ ಹೊಡೆಯುತ್ತದೆ. ರಾತ್ರಿ ಮುಚ್ಚಿಟ್ಟಿರಲಿಲ್ಲ.

"ನಿನಗ ಯಾರ ಹೇಳಿದ್ರು ಮಳಿ ಇಲ್ಲಂತ?" ಮಗ ಒದರುತ್ತಿದ್ದ.

ಚಾಚಿ ಏನೋ ಮೆಲ್ಲಗೆ ಅಂದಳು.

"ಕೈಯಾಗ ಫೋನ ಐತಿ, ಮಳಿ ಬರತೈತಿ ಅಂತ ಫೋನ ಬಡಕೊಳ್ಳಾಕತ್ತಿತ್ತ! ನೀ ಹೋಗಿ ಕುರುಡಿ ಮಾತ ಕೇಳಿದ್ಯಾ?"

"ಬಾಯಿ ಮುಚ್ಚಲೇ! ಎದುರಿಗೆ ಕೇಳಸತೈತಿ!"

ಕೇಳಿಸಿತ್ತು. ನಾನು ಒಳಗೆ ಹೋದಾಗ ಅಕ್ಕ ಪಡಸಾಲೆಯಲ್ಲಿ ಗೋಡೆಗೆ ಆತು ಕೂತಿದ್ದಳು. ಮುಂದೆ ಮೊರ ಇತ್ತು, ಕೈ ಆಡುತ್ತಿರಲಿಲ್ಲ.

"ನೀ ಏನಂದಿದ್ದಿ ಅಕ್ಕಾ?"

"ಒಣಹವೆ ಮುಂದುವರಿಯಲಿದೆ ಅಂದಿದ್ನಿ." ಸುದ್ದಿಯ ಭಾಷೆಯಲ್ಲೇ ಅಂದಳು.

"ಸುದ್ದಿಯಾಗ ಹಂಗ ಅಂದಿದ್ರ?"

ಆಕೆ ಮೊರವನ್ನು ಬದಿಗೆ ಸರಿಸಿದಳು. ನಾನು ರಿಮೋಟು ತೆಗೆದುಕೊಂಡು ಆಕೆಯ ಕೈಗೆ ಕೊಟ್ಟೆ. ದೊಡ್ಡ ಟಿಕಳಿ, ಸಣ್ಣದು, ಉದ್ದನೆಯದು, ತಪ್ಪದೆ ಒತ್ತಿದಳು. ಪರದೆಯ ಮೇಲೆ ಇಬ್ಬರು ಹೆಂಗಸರು ನನಗೆ ತಿಳಿಯದ ಭಾಷೆಯಲ್ಲಿ ಕುಕ್ಕರು ಮಾರುತ್ತಿದ್ದರು. ಮತ್ತೆ ಒತ್ತಿದಳು, ಅದೇ ಕುಕ್ಕರು.

ವಾಹಿನಿಗಳ ನಂಬರು ಬದಲಾಗಿದ್ದವು. ಬಾಕ್ಸಿನವರು ಆಗಾಗ ಹಾಗೆ ಮಾಡುತ್ತಾರೆ, ಹೊಸ ಸಾಲು, ಹೊಸ ಜೋಡಣೆ. ತಿಳಿಸಿಯೂ ಇದ್ದರು. ಬಾಕ್ಸಿನ ಮೆಸೇಜು ತೆಗೆದು ನೋಡಿದೆ, ಅಲ್ಲಿ ಅಚ್ಚುಕಟ್ಟಾಗಿ ಬರೆದಿತ್ತು.

"ಯಾವಾಗಿಂದ ಹಿಂಗ?"

"ಒಂದೆರಡ ವಾರ ಆಗಿರಬೇಕ. ಮೊದಲ ನಾನ ತಪ್ಪ ಒತ್ತಾಕತ್ತೇನಿ ಅಂದಕೊಂಡ್ನಿ. ಟಿಕಳಿ ಸರದಾವೇನೋ ಅಂದ್ನಿ. ದಿನಾ ಒತ್ತಿ ಒತ್ತಿ ನೋಡಿದ್ನಿ ತಂಗೀ."

"ನಾ ಹೋದ ವಾರ ಬಂದಿದ್ನೆಲ್ಲ?"

"ಪೇಪರ ತಿದ್ದಕೋತ ಒಳಗ ಕುಂತಿದ್ದಿ. ನೀ ಕೇಳಲಿಲ್ಲ, ನಾ ಹೇಳಲಿಲ್ಲ. ಇವತ್ತ ಬರತೈತಿ, ನಾಳೆ ಬರತೈತಿ ಅಂದಕೊಂಡ್ನಿ."

"ತಮ್ಮನ ಹೆಂಡ್ತೀಗಿ ಹೇಳಬೇಕಿಲ್ಲ?"

"ಅಕಿ ಒಲಿ ಬಿಟ್ಟ ಬರಬೇಕ. ಇವತ್ತ ಬರತಾಳ, ನಾಳೆ ಬರತಾಳ, ಆಮ್ಯಾಲ?" ರಿಮೋಟನ್ನು ನೆಲಕ್ಕಿಟ್ಟು ಅಂದಳು: "ದಿನಾ ಒಬ್ಬರ ಕೈ ಕಾಯ್ಕೊಂತ ಕೂತ್ರ ಅದ ನನ್ನ ಸುದ್ದಿ ಹ್ಯಾಂಗ ಆಗತೈತಿ?"

ದನಿ ಪೂರ್ತಿ ಸಣ್ಣದು ಮಾಡಿ, ಆ ಕುಕ್ಕರು ಮಾರುವವರ ಮುಂದೆ ಸಂಜೆ ಏಳರಿಂದ ಸುದ್ದಿ ಮುಗಿಯುವ ಹೊತ್ತಿನವರೆಗೆ ದಿನಾ ಕೂತಿರುತ್ತಿದ್ದಳು. ಹಿತ್ತಲಲ್ಲಿದ್ದವಳಿಗೆ ಅಕ್ಕ ಯಾವಾಗಿನಂತೆ ಸುದ್ದಿ ನೋಡುತ್ತಿದ್ದಾಳೆ ಅಂತಲೇ ಇತ್ತು. ಬೆಳಿಗ್ಗೆ ಕಟ್ಟೆಯ ಮೇಲೆ ತಾನೇ ಕಟ್ಟಿದ ಸುದ್ದಿ ಹೇಳುತ್ತಿದ್ದಳು.

"ಏನ ಹೇಳತಿದ್ದಿ?"

"ಇರತಾವಲ್ಲ. ಮಂತ್ರಿ ಭರವಸೆ ನೀಡಿದರು. ವಿರೋಧ ಪಕ್ಷದವರು ಖಂಡಿಸಿದರು. ತರಕಾರಿ ದರ ಏರಿಕೆ ಕಂಡಿದೆ." ನಗು ಬಂದಂತಾಗಿ ತುಟಿ ಹೊರಳಿತು. "ಒಬ್ಬರೂ ಸುಳ್ಳ ಅನ್ನಲಿಲ್ಲ ತಂಗೀ. ಹವಾಮಾನಕ್ಕ ಮಾತ್ರ ಅಂಜತಿದ್ನಿ. ಬಿಸಲ ಇತ್ತಲ್ಲ, ಒಣಹವೆ ಅಂತಿದ್ನಿ. ದಿನಾ ಹೌದ ಆಗತಿತ್ತ."

ಬೈಯುವುದಾದರೂ ಯಾರನ್ನು? ನಂಬರು ಬದಲಿಸಿದವರು ಬರೆದು ತಿಳಿಸಿದ್ದಾರೆ. ಓದಲು ಬಾರದವರು, ಓದಲು ಕಾಣದವರು ಯಾರದೋ ಕೈ ಹಿಡಿಯಲಿ ಎಂದು ಅವರೂ ಅಂದುಕೊಂಡಿರುತ್ತಾರೆ. ಮಾತಾಡುವ ಫೋನು ಕೊಡಿಸಿದರಾಯಿತು ಎಂದು ಆಮೇಲೆ ಎಷ್ಟೋ ಮಂದಿ ನನಗೆ ಹೇಳಿದರು. ಕೊಡಿಸಿದ್ದೆ. ಆ ನುಣುಪು ಗಾಜಿನ ಮೇಲೆ ಬೆರಳು ಎಲ್ಲಿ ತಾಗಿದರೂ ಏನಾದರೊಂದು ತೆರೆಯುತ್ತದೆ, ಕನ್ನಡವನ್ನು ಕಲ್ಲು ಅಗಿದಂತೆ ಅಗಿದು ಹೇಳುತ್ತದೆ. ಅಕ್ಕ ಅದನ್ನು ತಮ್ಮನ ಹೆಂಡತಿಗೆ ಕೊಟ್ಟುಬಿಟ್ಟಳು.

ಆ ಸಂಜೆಯೇ ಹೊಸ ನಂಬರು ಹುಡುಕಿ ಟಿಕಳಿ ಕಿತ್ತು ಬೇರೆ ಗುಂಡಿಗೆ ಹಚ್ಚಿದೆ. ಚಾಚಿಯ ಮನೆಗೂ ಹೋದೆ. ನಡೆದದ್ದನ್ನು ಇದ್ದಂತೆ ಹೇಳಿದೆ, ಮುಚ್ಚಲಿಲ್ಲ. ಮಗ ತಲೆ ತಗ್ಗಿಸಿ, "ಸಿಟ್ಟನ್ಯಾಗ ಅಂದ್ನಿ ಅಕ್ಕಾರ, ಮನಸ್ಸಿಗಿ ತಗೋಬ್ಯಾಡ್ರಿ" ಅಂದ. ಚಾಚಿ ನನ್ನ ಕೈ ಹಿಡಿದುಕೊಂಡಳು. "ಹೋದದ್ದ ಹೋತ ಬೇ. ಕರೀದಾದ್ರೂ ಯಾರರ ತಗೋತಾರ. ಅಕಿಗಿ ಏನೂ ಅನಬ್ಯಾಡ್ರಿ" ಅಂದಳು. ಒಳ್ಳೆಯ ಹೆಂಗಸು. ಇವತ್ತಿಗೂ ಹಬ್ಬಕ್ಕೆ ಮೊದಲ ಶೀರಕುರ್ಮಾ ನಮ್ಮ ಅಕ್ಕನಿಗೇ ಬರುತ್ತದೆ.

ಸೋಮವಾರದಿಂದ ಕಟ್ಟೆಗೆ ಎಲ್ಲರೂ ಮೊದಲಿನಂತೆ ಬಂದರಂತೆ. ಮುಂದಿನ ವಾರ ಒಂದು ದಿನ ಸಾಲಿಗೆ ರಜೆ ಇತ್ತು, ನಾನು ಅಲ್ಲೇ ಇದ್ದೆ. ಬೆಳಿಗ್ಗೆ ಚಾಚಿ ಬಂದಳು, ಮೊರ ಇಟ್ಟುಕೊಂಡಳು, ಮೊಣಕಾಲ ನೋವಿನ ಮಾತು ತೆಗೆದಳು. ಇನ್ನೊಬ್ಬಳು ಮಗಳ ಬಾಣಂತನದ ಮಾತು ತೆಗೆದಳು. ಮಾತು ನಿಲ್ಲದಂತೆ ಒಬ್ಬರಾದ ಮೇಲೊಬ್ಬರು ಆಡುತ್ತಿದ್ದರು. ಅಕ್ಕ ಮುಖವನ್ನು ಮಾತು ಬಂದ ಕಡೆಗೆ ತಿರುಗಿಸುತ್ತ, ಬಾಯಿ ತೆರೆಯಲು ಸಂದು ಹುಡುಕುತ್ತ ಕೂತಿದ್ದಳು. ಆಕೆಯ ಹತ್ತಿರ ಆವತ್ತು ನಿಜವಾದ ಸುದ್ದಿ ಇತ್ತು. ಹಿಂದಿನ ಸಂಜೆ ನನ್ನ ಎದುರಿಗೇ ನೋಡಿದ್ದಳು. ಯಾರೂ ಕೇಳಲಿಲ್ಲ. ಸಿಟ್ಟಿನಿಂದ ಕೇಳದೆ ಬಿಟ್ಟದ್ದಲ್ಲ. ಕೇಳಿದರೆ ಆಕೆಗೆ ನೋವಾದೀತೆಂದು ಕೇಳಲಿಲ್ಲ.

ಕೊನೆಗೆ ಅಕ್ಕ ತಾನೇ ಶುರು ಮಾಡಿದಳು. "ನಿನ್ನಿ ಸುದ್ದಿಯಾಗ ಹೇಳಿದ್ರ…" ಅಂದವಳು ದನಿ ಬದಲಿಸಿ ಪುಸ್ತಕದ ಕನ್ನಡಕ್ಕೆ ಬಂದಳು. "ಉತ್ತರ ಒಳನಾಡಿನ ಕೆಲವೆಡೆ ಗುಡುಗು ಸಹಿತ ಮಳೆಯಾಗುವ ಸಾಧ್ಯತೆ ಇದೆ."

ಹೊಸದಾಗಿ ಮದುವೆಯಾಗಿ ಓಣಿಗೆ ಬಂದ ಹುಡುಗಿಯೊಬ್ಬಳು, "ಹೌದೇನ್ರಿ ಅಕ್ಕಾರ?" ಎಂದು ಕೇಳಿ, ಕೈ ಒರೆಸಿಕೊಂಡು, ಸೆರಗಿನ ಮರೆಯಿಂದ ಫೋನು ತೆಗೆದಳು. ಆಕೆಗೆ ಗೊತ್ತಾಗಲಿಲ್ಲ, ಫೋನಿನ ದನಿ ದೊಡ್ಡದಿತ್ತು. ಹವಾಮಾನ ಹೇಳುವ ಮೊದಲು ಜಾಹೀರಾತಿನ ತುಣುಕೊಂದು ಜೋರಾಗಿ ಬಾರಿಸಿ ನಿಂತಿತು. ಚಾಚಿ ಆ ಹುಡುಗಿಯ ತೊಡೆಗೆ ತಿವಿದಳು. ಹುಡುಗಿ ಪರದೆ ನೋಡಿ, "ಹೌದ್ರಿ, ಖರೆ ಐತಿ. ಸಂಜೀಕ ಐತಿ ಮಳಿ" ಅಂದಳು.

ಅಕ್ಕ ಉಳಿದ ಸುದ್ದಿ ಹೇಳಲಿಲ್ಲ. "ಖರೆ ಐತೇನ? ಛಲೋ ಆತ" ಅಂದಳು. ಮೊರವನ್ನು ತೊಡೆಯ ಹತ್ತಿರಕ್ಕೆ ಎಳೆದುಕೊಂಡು ಕಡ್ಡಿ ಬಿಡಿಸತೊಡಗಿದಳು. ಚಾಚಿ ಎದ್ದು ತನ್ನ ಮಾಳಿಗೆಯ ಮೇಲಿನದನ್ನು ಮುಚ್ಚಲು ಹೋದಳು.